ಬೀಗದ ಬೀರು, ಐದು ಚಾಪೆ

ನಮ್ಮ ಹಳ್ಳಿಗಾಡಿನ ಯಾವುದಾದರೂ ಸರ್ಕಾರಿ ಶಾಲೆಗೆ ಹೋಗಿ ಲೈಬ್ರರಿ ಎಲ್ಲಿ ಸಾರ್ ಅಂತ ಕೇಳಿ ನೋಡಿ. ಮೇಷ್ಟ್ರು ಮೊದಲು ಹುಡುಕುವುದು ಬೀಗದ ಕೈಯನ್ನು. ಅದು ಹೆಡ್ಮೇಷ್ಟ್ರ ಮೇಜಿನೊಳಗೆ ಇರುತ್ತದೆ, ಇಲ್ಲವೇ ರಜೆ ಮೇಲೆ ಹೋದ ಇನ್ನೊಬ್ಬರ ಜೇಬಿನಲ್ಲಿ ಇರುತ್ತದೆ. ಬೀಗ ತೆಗೆದರೆ ಒಂದು ಕಬ್ಬಿಣದ ಬೀರು. ಒಳಗೆ ನುಸಿಗುಳಿಗೆಯ ವಾಸನೆ, ದಾರ ಬಿಚ್ಚದ ಪುಸ್ತಕದ ಕಟ್ಟುಗಳು. ಬೀರುವಿನ ಮೇಲೆ ಬಿಸಿಯೂಟದ ಅಕ್ಕಿ ಬಂದ ಖಾಲಿ ಚೀಲ, ಗಾಳಿ ಹೋದ ಚೆಂಡು, ಹೋದ ವರ್ಷದ ಆಗಸ್ಟ್ ಹದಿನೈದಕ್ಕೆ ಕಟ್ಟಿದ ಬಣ್ಣದ ಕಾಗದ. ಇದೇ ನಮ್ಮ ಮಕ್ಕಳ ಗ್ರಂಥ ಭಂಡಾರ. ಭಂಡಾರ ಅನ್ನುವ ಮಾತು ಇಲ್ಲಿ ಸರಿಯಾಗಿಯೇ ಇದೆ, ಯಾಕೆಂದರೆ ಭಂಡಾರಕ್ಕೆ ಯಾವತ್ತೂ ಕಾವಲೇ ಮುಖ್ಯ.

ಈ ಬೀಗಕ್ಕೆ ಮೇಷ್ಟ್ರನ್ನು ಬೈಯುವುದು ಸುಲಭ. ನಾವೂ ಬೈದಿದ್ದೇವೆ. ಆದರೆ ಬೀಗ ಹಾಕಿಸಿದ್ದು ಯಾರು ಅನ್ನುವುದನ್ನು ನೋಡಬೇಕು. ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಾದವರು ಮೇಷ್ಟ್ರು. ಹರಿದರೆ ಉತ್ತರ ಹೇಳಬೇಕಾದವರು ಮೇಷ್ಟ್ರು. ಒಂದು ಮಗುವೂ ಒಂದು ಪುಟ ಓದದೆ ಹತ್ತು ವರ್ಷ ಗೆದ್ದಲು ತಿಂದರೆ ಮಾತ್ರ ಯಾರೂ ಯಾರನ್ನೂ ಕೇಳುವುದಿಲ್ಲ. ದಾಸ್ತಾನು ಪುಸ್ತಕದಲ್ಲಿ ಸಂಖ್ಯೆಗೆ ಕಲಂ ಇದೆ, ಬೆಲೆಗೆ ಕಲಂ ಇದೆ, ಓದಿದ ಮಗುವಿಗೆ ಕಲಂ ಇಲ್ಲ. 1987ರಲ್ಲಿ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಬಂದಾಗ ಎರಡು ಕೋಣೆ, ಇಬ್ಬರು ಮೇಷ್ಟ್ರು, ಪಾಠಕ್ಕೆ ಬೇಕಾದ ಸಾಮಾನು ಅಂದರು. ಎಷ್ಟೋ ಕಡೆ ಆ ಸಾಮಾನು ಪೆಟ್ಟಿಗೆಯಲ್ಲೇ ಉಳಿಯಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಲೈಬ್ರರಿ ಇರಬೇಕು, ಅದರಲ್ಲಿ ದಿನಪತ್ರಿಕೆ, ನಿಯತಕಾಲಿಕ, ಕಥೆ ಪುಸ್ತಕವೂ ಸೇರಿದಂತೆ ಎಲ್ಲ ವಿಷಯದ ಪುಸ್ತಕ ಇರಬೇಕು ಎಂದು ಬರೆದಿದೆ. 2018ರಲ್ಲಿ ಬಂದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ದರ್ಜೆ ನೋಡಿ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಲೈಬ್ರರಿಗೆ ಹಣ ಇಟ್ಟರು. ಅಂದರೆ ಕಾನೂನು ಬಂತು, ಕಾಸೂ ಬಂತು. ಬೀಗ ಮಾತ್ರ ಹೋಗಲಿಲ್ಲ.

ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರ ಬರೆದಾಗ ಮೊದಲನೆಯದಾಗಿ ಹೇಳಿದ್ದು ಪುಸ್ತಕ ಇರುವುದು ಬಳಸುವುದಕ್ಕೆ ಎಂದು. ಯುರೋಪಿನ ಹಳೆಯ ಗ್ರಂಥಾಲಯಗಳಲ್ಲಿ ಪುಸ್ತಕಕ್ಕೆ ಸರಪಳಿ ಹಾಕಿ ಕಟ್ಟುತ್ತಿದ್ದರು. ಆ ಸರಪಳಿ ಬಿಚ್ಚಿದ ಕಥೆಯನ್ನು ಅವರು ಮುತುವರ್ಜಿಯಿಂದ ಹೇಳಿದ್ದಾರೆ. 1962ರಲ್ಲಿ ಅವರು ತಮ್ಮ ತರಬೇತಿ ಕೇಂದ್ರ ತೆರೆದದ್ದು ನಮ್ಮ ಬೆಂಗಳೂರಿನಲ್ಲೇ. ಅಲ್ಲಿಂದ ನೂರು ಮೈಲಿ ದೂರದ ಹಳ್ಳಿ ಶಾಲೆಗೆ ಅವರ ಮೊದಲನೇ ಸೂತ್ರ ಇನ್ನೂ ಬಂದು ತಲುಪಿಲ್ಲ. ಪುಸ್ತಕ ಮುಟ್ಟಬಾರದು ಅನ್ನುವ ಶಾಸ್ತ್ರ ಈ ನಾಡಿನಲ್ಲಿ ರಂಗನಾಥನ್‌ಗಿಂತ ಬಹಳ ಹಳೆಯದು. ಓದಿಗೂ ನಮಗೂ ನಡುವೆ ಎಷ್ಟು ಸಾವಿರ ವರ್ಷದ ಬೀಗ ಇತ್ತು ಅನ್ನುವುದನ್ನು ಈ ಪತ್ರಿಕೆಯ ಓದುಗರಿಗೆ ಮತ್ತೆ ಹೇಳಬೇಕಾಗಿಲ್ಲ.

ಈಗ ಬೀಗ ತೆಗೆಯುವುದಕ್ಕೆ ಹೊಸದೊಂದು ಮಾತು ಬಂದಿದೆ. ಲೈಬ್ರರಿ ಕೋಣೆಯಲ್ಲಿ ‘ಕಲಿಕಾ ಮೂಲೆ’ ಮಾಡಿ, ‘ಲರ್ನಿಂಗ್ ಸ್ಟೇಷನ್’ ಮಾಡಿ ಅನ್ನುತ್ತಾರೆ. ಸ್ಟೇಷನ್ ಅಂದರೆ ನಮ್ಮ ಜನಕ್ಕೆ ಗೊತ್ತಿರುವುದು ಎರಡು, ರೈಲ್ವೆ ಸ್ಟೇಷನ್ನು, ಪೊಲೀಸ್ ಸ್ಟೇಷನ್ನು. ಎರಡನೆಯದೇ ಹೆಚ್ಚು ಗೊತ್ತು. ಇದು ಮೂರನೆಯದು. ಒಂದು ಕೋಣೆಯೊಳಗೆ ನಾಲ್ಕೈದು ಜಾಗ. ಒಂದೊಂದು ಜಾಗದಲ್ಲಿ ಒಂದೊಂದು ಕೆಲಸ. ಒಂದು ಕಡೆ ಓದು, ಒಂದು ಕಡೆ ಪದ ಜೋಡಿಸುವುದು, ಒಂದು ಕಡೆ ಬರೆಯುವುದು, ಇನ್ನೊಂದು ಕಡೆ ನಕ್ಷೆ ಅಥವಾ ಪತ್ರಿಕೆ. ಮಕ್ಕಳು ಐದಾರು ಜನರ ಗುಂಪಾಗಿ ಹದಿನೈದು ಇಪ್ಪತ್ತು ನಿಮಿಷ ಒಂದು ಕಡೆ ಕೂರುತ್ತಾರೆ, ಗಂಟೆ ಹೊಡೆದರೆ ಮುಂದಿನ ಜಾಗಕ್ಕೆ ಹೋಗುತ್ತಾರೆ. ಮೇಷ್ಟ್ರು ಮುಂದೆ ನಿಂತು ಅರಚುವುದಿಲ್ಲ, ಯಾವ ಗುಂಪು ತಡವರಿಸುತ್ತದೋ ಅಲ್ಲಿ ಹೋಗಿ ಕೂರುತ್ತಾರೆ. ಕೇಳುವುದಕ್ಕೆ ಚೆನ್ನಾಗಿದೆ. ಮಾಡುವುದಕ್ಕೂ ಚೆನ್ನಾಗಿದೆ ಅನ್ನುವುದನ್ನು ನಾವು ಮಾಡಿ ನೋಡಿಯೇ ಹೇಳುತ್ತಿದ್ದೇವೆ. ಹಾಗೆ ಮಾಡುವಾಗ ಕಂಡದ್ದನ್ನು ವಿಮರ್ಶೆ ಮಾಡುವುದು ಈ ಬರಹದ ಉದ್ದೇಶ. ಒಂದು ಕಾದಂಬರಿಯಲ್ಲಿ ಯಾರಿಗೆ ಮಾತು ಇದೆ, ಯಾರಿಗೆ ಇಲ್ಲ ಎಂದು ನಾವು ಕೇಳುತ್ತೇವೆ. ಒಂದು ಕೋಣೆಯನ್ನೂ ಹಾಗೆಯೇ ಕೇಳಬಹುದು.

ಈ ಪದ್ಧತಿಯ ವಂಶಾವಳಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಯಾಕೆಂದರೆ ಇದನ್ನು ಈಗ ಬೆಂಗಳೂರಿನ ಲಕ್ಷಾಂತರ ರೂಪಾಯಿ ಫೀಜಿನ ಶಾಲೆಗಳು ತಮ್ಮ ಮನೆಯ ಆಸ್ತಿ ಅನ್ನುವ ಹಾಗೆ ಮಾತಾಡುತ್ತವೆ. ಮಕ್ಕಳ ಕೈಗೆಟುಕುವ ಕುಳ್ಳ ಕಪಾಟು, ಮಗು ತಾನೇ ಹೋಗಿ ತನಗೆ ಬೇಕಾದ ಕೆಲಸ ಎತ್ತಿಕೊಳ್ಳುವುದು, ಇದನ್ನೆಲ್ಲ ಮಾರಿಯಾ ಮಾಂಟೆಸರಿ 1907ರಲ್ಲಿ ಶುರುಮಾಡಿದ್ದು ರೋಮ್ ನಗರದ ಸಾನ್ ಲೊರೆಂಜೊ ಅನ್ನುವ ಬಡ ಕೂಲಿಕಾರರ ಕೇರಿಯಲ್ಲಿ. ತಂದೆ ತಾಯಿ ಕೆಲಸಕ್ಕೆ ಹೋದಾಗ ಓಣಿಯಲ್ಲಿ ಉಳಿಯುತ್ತಿದ್ದ ಮಕ್ಕಳಿಗಾಗಿ. ಕೂಲಿಯವರ ಮಕ್ಕಳಿಗೆ ಹುಟ್ಟಿದ್ದು ಈಗ ಯಾರ ಮಕ್ಕಳ ಪಾಲಾಗಿದೆ ನೋಡಿ. ಮಾಂಟೆಸರಿ 1939ರಲ್ಲಿ ಮದರಾಸಿಗೆ ಬಂದು, ಯುದ್ಧದ ಕಾಲವೆಲ್ಲ ಈ ದೇಶದಲ್ಲೇ ಇದ್ದರು. ಅವರ ಹೆಸರು ಪಟ್ಟಣದ ಬೋರ್ಡುಗಳಿಗೆ ಹತ್ತಿತು. ಅದನ್ನು ಮತ್ತೆ ಬಡವರ ಅಂಗಳಕ್ಕೆ ಎಳೆದು ತಂದವರಲ್ಲಿ ಮಹಾರಾಷ್ಟ್ರದ ತಾರಾಬಾಯಿ ಮೋಡಕ್, ಅನುತಾಯಿ ವಾಘ್ ದೊಡ್ಡ ಹೆಸರುಗಳು. ಬೊರ್ಡಿ, ಕೋಸಬಾಡದ ಕಡೆ ಅವರು ದಲಿತರ, ಆದಿವಾಸಿಗಳ ಮಕ್ಕಳ ಅಂಗಳಕ್ಕೇ ಶಾಲೆಯನ್ನು ಒಯ್ದರು. ದುಬಾರಿ ಮರದ ಸಾಮಾನಿನ ಬದಲು ಬೀಜ, ಕಲ್ಲು, ಎಲೆ ಇಟ್ಟುಕೊಂಡು ಕಲಿಸಿದರು.

ನಮ್ಮ ಕಡೆಗೆ ಬಂದರೆ, ಡೇವಿಡ್ ಹಾರ್ಸ್‌ಬರೊ 1972ರಲ್ಲಿ ಕೋಲಾರ ಜಿಲ್ಲೆಯಲ್ಲಿ ನೀಲ್‌ಬಾಗ್ ಶಾಲೆ ಮಾಡಿ, ಬೇರೆ ಬೇರೆ ವಯಸ್ಸಿನ ಹಳ್ಳಿ ಮಕ್ಕಳನ್ನು ಒಟ್ಟಿಗೆ ಕೂರಿಸಿದರು. ಆಮೇಲೆ ಆಂಧ್ರದ ರಿಷಿವ್ಯಾಲಿಯವರು ಸುತ್ತಲ ಹಳ್ಳಿ ಶಾಲೆಗಳಿಗೆ ಕಾರ್ಡು, ಏಣಿ ಅನ್ನುವ ಪದ್ಧತಿ ಮಾಡಿದರು. ಅದನ್ನು ನೋಡಿ ಬಂದ ಹೆಗ್ಗಡದೇವನಕೋಟೆ ತಾಲೂಕಿನ ಮೇಷ್ಟ್ರುಗಳು 1995ರಲ್ಲಿ ಯುನಿಸೆಫ್ ನೆರವಿನಿಂದ ನಲಿ-ಕಲಿ ಶುರುಮಾಡಿದರು. ಕಾಡಂಚಿನ, ಜೇನುಕುರುಬರ ಹಾಡಿಗಳಿರುವ ತಾಲೂಕು ಅದು. ಅಲ್ಲಿಯ ಮೇಷ್ಟ್ರುಗಳು ತಾವೇ ಕಾರ್ಡು ಕತ್ತರಿಸಿ, ಹಾಡು ಕಟ್ಟಿ ಮಾಡಿದ ಕೆಲಸ 2009-10ರ ಹೊತ್ತಿಗೆ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆ ಸುತ್ತೋಲೆಯಾಗಿ ಬಂತು. ಮೇಷ್ಟ್ರು ಹುಟ್ಟಿಸಿದ್ದು ಸುತ್ತೋಲೆಯಾದಾಗ ಏನಾಗುತ್ತದೆಯೋ ಅದೇ ಆಯಿತು. ಕೆಲವು ಕಡೆ ಉಸಿರಾಡಿತು, ಹಲವು ಕಡೆ ಗೋಡೆಗೆ ಅಂಟಿದ ಬಣ್ಣದ ಚಾರ್ಟಾಯಿತು. ನಲಿ-ಕಲಿಯಲ್ಲಿ ಮಕ್ಕಳ ಗುಂಪಿಗೆ ‘ತಟ್ಟೆ’ ಅನ್ನುತ್ತಾರೆ. ಒಂದನೇ ತಟ್ಟೆ, ಎರಡನೇ ತಟ್ಟೆ. ಮೇಷ್ಟ್ರ ಸಹಾಯ ಬೇಕಾದವರು ಒಂದು ತಟ್ಟೆಗೆ, ತಾವೇ ಕಲಿಯಬಲ್ಲವರು ಇನ್ನೊಂದು ತಟ್ಟೆಗೆ. ಈ ಹೆಸರಿಟ್ಟವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಬೇರೆ ತಟ್ಟೆ ಅಂದಕೂಡಲೆ ಬೆಚ್ಚಿ ಬೀಳುವ ಜನ ಈ ನಾಡಿನಲ್ಲಿ ಇದ್ದಾರೆ ಅನ್ನುವುದು ಅವರ ಮನಸ್ಸಿಗೆ ಬರಲಿಲ್ಲ. ಈ ಪದ್ಧತಿಯ ಬಗ್ಗೆ ನಮ್ಮ ಮುಖ್ಯ ತಕರಾರು ಇಲ್ಲೇ ಹುಟ್ಟುತ್ತದೆ. ನಮ್ಮ ಕೈಗೆ ಸಿಕ್ಕಿದ ತರಬೇತಿಯ ಹಾಳೆಗಳಲ್ಲಿ ಗುಂಪು ಮಾಡುವುದಕ್ಕೆ ವಯಸ್ಸು, ಕಲಿಕೆಯ ಮಟ್ಟ, ಆಸಕ್ತಿ ಅಂತೆಲ್ಲ ಬರೆದಿದ್ದರು. ಯಾವ ಬೀದಿಯಿಂದ ಬಂದ ಮಗು ಯಾವ ಬೀದಿಯ ಮಗುವಿನ ಪಕ್ಕ ಕೂತಿದೆ ಅನ್ನುವ ಪ್ರಶ್ನೆ ಅವುಗಳಲ್ಲಿ ಎಲ್ಲೂ ಇರಲಿಲ್ಲ.

ಹಳೇ ಮೈಸೂರು ಸೀಮೆಯ ಒಂದು ಊರಿನ ಹಿರಿಯ ಪ್ರಾಥಮಿಕ ಶಾಲೆಗೆ ನಾವು ಹೋದೆವು. ನಾವು ಅಂದರೆ ಇಬ್ಬರು ಮೇಷ್ಟ್ರು, ಒಬ್ಬ ಕಾಲೇಜು ಹುಡುಗಿ, ಸಂಘಟನೆಯ ಒಬ್ಬ ಗೆಳೆಯ. ಒಂದರಿಂದ ಏಳರವರೆಗೆ ಅರವತ್ತು ಚಿಲ್ಲರೆ ಮಕ್ಕಳು, ಮೂವರು ಶಿಕ್ಷಕರು. ಊರಿನ ಹೆಸರು ಬೇಡ, ಯಾಕೆಂದರೆ ನಿಮ್ಮೂರೂ ಅದೇ ಆಗಿರಬಹುದು. ಹೆಡ್ಮೇಷ್ಟ್ರು ಒಳ್ಳೆಯ ಮನುಷ್ಯ. ಬೀರು ಇಟ್ಟಿದ್ದ ಕೋಣೆಯನ್ನು ನಮಗೆ ಬಿಟ್ಟುಕೊಟ್ಟರು. ಇಟ್ಟಿಗೆ ಜೋಡಿಸಿ ಮೇಲೆ ಹಲಗೆ ಇಟ್ಟು ಮೂರಡಿಗಿಂತ ಎತ್ತರವಾಗದ ಹಾಗೆ ಕಪಾಟು ಮಾಡಿದೆವು. ಗೋಡೆಯುದ್ದಕ್ಕೂ ಹುರಿ ಕಟ್ಟಿ, ಪುಸ್ತಕಗಳ ಮುಖ ಕಾಣುವ ಹಾಗೆ ಬಟ್ಟೆ ಒಣಗಹಾಕಿದಂತೆ ತೂಗುಹಾಕಿದೆವು. ಪುಸ್ತಕದ ಬೆನ್ನು ನೋಡಿ ಆರಿಸುವುದು ಓದು ಬಂದವರ ಅಭ್ಯಾಸ, ಮಗು ಆರಿಸುವುದು ಮುಖ ನೋಡಿ. ಐದು ಈಚಲ ಚಾಪೆ ಹಾಸಿದೆವು. ಒಂದು ಜೋರಾಗಿ ಓದುವುದಕ್ಕೆ, ಒಂದು ಅಕ್ಷರ ಪದ ಜೋಡಿಸುವುದಕ್ಕೆ, ಒಂದು ಬರೆಯುವುದಕ್ಕೆ ಚಿತ್ರ ಬಿಡಿಸುವುದಕ್ಕೆ, ಒಂದು ಪತ್ರಿಕೆಗೂ ತಾಲೂಕು ನಕ್ಷೆಗೂ. ಐದನೆಯದು ಕೇಳುವ ಚಾಪೆ, ಯಾರಾದರೂ ದೊಡ್ಡವರು ಬಂದು ಕಥೆ ಹೇಳುವುದಕ್ಕೆ.

ಮೊದಲನೇ ದಿನ ನಿಮಗೆ ಇಷ್ಟ ಬಂದ ಚಾಪೆ ಮೇಲೆ ಕೂತ್ಕೊಳ್ಳಿ ಅಂದೆವು. ಮಕ್ಕಳಿಗೆ ಸ್ವಾತಂತ್ರ್ಯ ಕೊಡಬೇಕಲ್ಲ! ಐದು ನಿಮಿಷದಲ್ಲಿ ಆ ಊರಿನ ನಕ್ಷೆ ಆ ಕೋಣೆಯಲ್ಲಿ ಹಾಗೇ ಹಾಸಿಕೊಂಡಿತು. ಕಿಟಕಿ ಪಕ್ಕದ ಎರಡು ಚಾಪೆಗೆ ಊರಿನ ನಡುಬೀದಿ, ಒಳಗಿನ ಎರಡಕ್ಕೆ ಇತರರು, ಬಾಗಿಲ ಹತ್ತಿರ ಚಪ್ಪಲಿ ಬಿಡುವ ಜಾಗಕ್ಕೆ ಅಂಟಿದ ಚಾಪೆಯಲ್ಲಿ ಕೇರಿಯ ಮಕ್ಕಳು. ‘ನಾವೇನೂ ಹೇಳಿಲ್ಲ ಸಾ, ಅವೇ ಕೂತ್ಕತವೆ’ ಅಂದರು ಮೇಷ್ಟ್ರು. ಸುಳ್ಳಲ್ಲ. ಯಾರೂ ಹೇಳಿರಲಿಲ್ಲ. ಹೇಳದೆಯೇ ನಡೆಯುವ ಹಾಗೆ ಆಗಿರುವುದಕ್ಕೇ ಅಲ್ಲವೆ ವ್ಯವಸ್ಥೆ ಅನ್ನುವುದು.

ಮಾರನೇ ದಿನ ಒಂದು ಡಬ್ಬದಲ್ಲಿ ಹುಣಸೆ ಬೀಜ, ಹೊಂಗೆ ಬೀಜ, ಅವರೆ, ಹುರುಳಿ, ಹರಳು ಹಾಕಿ ಕಣ್ಣು ಮುಚ್ಚಿ ಎತ್ತಿಸಿದೆವು. ಹುಣಸೆ ಬಂದವರೆಲ್ಲ ಒಂದು ಗುಂಪು, ಹೊಂಗೆ ಬಂದವರೆಲ್ಲ ಒಂದು. ಮಕ್ಕಳಿಗೆ ಖುಷಿಯಾಯಿತು. ನಾವೂ ಗೆದ್ದೆವು ಅಂದುಕೊಂಡೆವು. ಮೂರನೇ ದಿನ ನೋಡಿದರೆ ಬೀಜದ ವ್ಯಾಪಾರ ನಡೆಯುತ್ತಿದೆ. ಒಂದು ಹುಡುಗಿ ಅವರೆ ಕೊಟ್ಟು, ಮೇಲೆ ಅರ್ಧ ಮಾವಿನಕಾಯಿಯನ್ನೂ ಕೊಟ್ಟು ಹುಣಸೆ ಬೀಜ ಇಸ್ಕೊಂಡಿದ್ದಳು. ಯಾಕವ್ವ ಅಂದರೆ ಸುಮ್ಮನೆ ನಿಂತಳು. ಆಮೇಲೆ ‘ಅವ್ವ ಬೈತಾಳೆ’ ಅಂದಳು. ಮೂರನೇ ತರಗತಿಯ ಮಗು.

ಇನ್ನೊಂದು ಸಂಗತಿ ಇದಕ್ಕಿಂತ ಸಣ್ಣದು, ಕಣ್ಣಿಗೆ ಬೀಳುವುದೂ ಕಷ್ಟ. ಓದುವ ಚಾಪೆಯಲ್ಲಿ ಒಂದೇ ಪುಸ್ತಕ. ಒಬ್ಬರು ಒಂದು ಪುಟ ಓದಿ ಪಕ್ಕದವರಿಗೆ ಕೊಡಬೇಕು. ಐದನೇ ತರಗತಿಯ ಹುಡುಗಿಯೊಬ್ಬಳು ತನ್ನ ಪುಟ ಚೆನ್ನಾಗಿ ಓದಿದಳು. ಓದಿ, ಪುಸ್ತಕವನ್ನು ಚಾಪೆಯ ಮೇಲೆ ಇಟ್ಟಳು. ಪಕ್ಕದ ಹುಡುಗ ಚಾಪೆಯ ಮೇಲಿಂದ ಎತ್ತಿಕೊಂಡ. ಅವನು ಓದಿ ಅದನ್ನು ಆಚೆಯವನ ಕೈಗೆ ಕೊಟ್ಟ. ಸುತ್ತು ಬಂದಾಗ ಮತ್ತೆ ಅದೇ. ಅವಳು ಇಟ್ಟಳು, ಅವನು ಎತ್ತಿದ. ಇಬ್ಬರ ಮುಖದಲ್ಲೂ ಏನೂ ಇರಲಿಲ್ಲ, ಅಷ್ಟು ಸಹಜ. ಅಂಗಡಿಯಲ್ಲಿ ಚಿಲ್ಲರೆಯನ್ನು ಕೈಗೆ ಕೊಡದೆ ಹಲಗೆ ಮೇಲೆ ಇಡುವುದನ್ನು ಇಬ್ಬರೂ ಹುಟ್ಟಿದಾಗಿನಿಂದ ನೋಡಿದ್ದಾರೆ. ಬಾಬಾಸಾಹೇಬರು ಸಾತಾರದ ಶಾಲೆಗೆ ಮನೆಯಿಂದ ಗೋಣಿತಟ್ಟು ಒಯ್ದು ಅದರ ಮೇಲೆ ಬೇರೆ ಕೂರುತ್ತಿದ್ದರು. ಆ ಗೋಣಿಯನ್ನು ಶಾಲೆ ಗುಡಿಸುವ ಆಳು ಕೂಡ ಮುಟ್ಟುತ್ತಿರಲಿಲ್ಲ, ಸಂಜೆ ಅವರೇ ಮನೆಗೆ ಹೊತ್ತುಕೊಂಡು ಹೋಗಬೇಕಾಗಿತ್ತು. 1917ರಲ್ಲಿ, ಕೊಲಂಬಿಯಾದಲ್ಲಿ ಓದಿ ಬಂದ ಮೇಲೂ, ಬರೋಡದ ಕಚೇರಿಯಲ್ಲಿ ಆಳುಗಳು ಅವರ ಮೇಜಿಗೆ ಕಡತ ಎಸೆಯುತ್ತಿದ್ದರು. ಈಗ ಗೋಣಿತಟ್ಟು ಇಲ್ಲ, ಎಲ್ಲರಿಗೂ ಒಂದೇ ಚಾಪೆ. ಕಡತ ಎಸೆಯುವುದಿಲ್ಲ, ಮೆಲ್ಲಗೆ ಇಡುತ್ತಾರೆ. ಇದನ್ನು ಪ್ರಗತಿ ಅನ್ನುವುದಾದರೆ ಅನ್ನಿ.

ನಾವು ಭಾಷಣ ಮಾಡಲಿಲ್ಲ. ಮಾಡಿದ್ದರೆ ಆ ಹುಡುಗಿ ಅತ್ತು ಮನೆಗೆ ಹೋಗುತ್ತಿದ್ದಳು, ಆ ಹುಡುಗನಿಗೆ ಇನ್ನೂ ಅವಮಾನವಾಗುತ್ತಿತ್ತು, ಮಾರನೇ ದಿನ ಬೀಗ ಮತ್ತೆ ಬೀಳುತ್ತಿತ್ತು. ಚಾಪೆಯ ಕೆಲಸವನ್ನೇ ಬದಲಾಯಿಸಿದೆವು. ಅಲ್ಲಿಯತನಕ ನಾವು ಕೊಟ್ಟಿದ್ದ ಕೆಲಸಗಳೆಲ್ಲ ಒಬ್ಬೊಬ್ಬರೇ ಮಾಡಬಹುದಾದವು. ಪಕ್ಕ ಪಕ್ಕ ಕೂತು ಬೇರೆ ಬೇರೆ ಇರುವುದು ನಮ್ಮ ಸಮಾಜಕ್ಕೆ ಚೆನ್ನಾಗಿ ಬರುವ ವಿದ್ಯೆ. ಹರಿದ ಪುಸ್ತಕ ಸರಿಮಾಡುವ ಕೆಲಸ ತಂದೆವು. ಮೈದಾ ಕಾಯಿಸಿ ಅಂಟು ಮಾಡಿ, ಹಳೇ ಕ್ಯಾಲೆಂಡರಿನ ದಪ್ಪ ಕಾಗದ ಕತ್ತರಿಸಿ ರಟ್ಟು ಹಾಕುವುದು. ಇದು ಒಬ್ಬರಿಂದ ಆಗುವುದಿಲ್ಲ. ಒಬ್ಬರು ಪುಟ ಹಿಡಿಯಬೇಕು, ಇನ್ನೊಬ್ಬರು ಅಂಟು ಸವರಬೇಕು, ಮತ್ತೊಬ್ಬರು ಒತ್ತಬೇಕು. ಮೈದಾ ಅಂಟು ಯಾರ ಕೈಯನ್ನೂ ಬಿಡುವುದಿಲ್ಲ. ವಾರದೊಳಗೆ ಎಲ್ಲರ ಕೈಯೂ ಅಂಟಂಟು, ಒಬ್ಬರ ಬೆರಳು ಇನ್ನೊಬ್ಬರ ಬೆರಳಿಗೆ ಹತ್ತಿ ನಗು. ನಕ್ಷೆಯ ಚಾಪೆಯಲ್ಲೂ ಹಾಗೆಯೇ. ಊರಿನ ನಕ್ಷೆ ಬಿಡಿಸಿ ಅಂದೆವು, ಕೆರೆ, ಕೊಳಾಯಿ, ದೇವಸ್ಥಾನ, ಎಲ್ಲರ ಮನೆ. ಕೇರಿಯ ಮಕ್ಕಳಿಗೆ ಊರು ಪೂರ್ತಿ ಗೊತ್ತಿತ್ತು, ದನ ಕಾಯಲು, ಕೂಲಿಗೆ ಹೋಗಿ ಅವ್ವನನ್ನು ಕರೆಯಲು ಸುತ್ತಿದ್ದಾರಲ್ಲ. ಊರಿನ ಮಕ್ಕಳಿಗೆ ಕೇರಿಯಲ್ಲಿ ಎಷ್ಟು ಮನೆ ಅನ್ನುವುದು ಗೊತ್ತಿರಲಿಲ್ಲ, ಕೇಳಿ ಬರೆಯಬೇಕಾಯಿತು. ಅವತ್ತು ಆ ಚಾಪೆಗೆ ಮೇಷ್ಟ್ರು ಯಾರು ಅಂತ ನೀವೇ ಊಹಿಸಿ.

ಇನ್ನು ಕಪಾಟಿನಲ್ಲಿ ಏನಿತ್ತು ಅನ್ನುವ ಪ್ರಶ್ನೆ. ಬೀಗ ತೆಗೆದದ್ದೇ ದೊಡ್ಡದು ಅಂತ ನಾವು ಬೀಗುತ್ತಿದ್ದಾಗ ಕಾಲೇಜಿನ ಹುಡುಗಿ ಎರಡು ದಿನ ಕೂತು ಬೀರುವಿನ ಮುನ್ನೂರಕ್ಕೂ ಹೆಚ್ಚು ಪುಸ್ತಕಗಳನ್ನು ಒಂದೊಂದಾಗಿ ತಿರುವಿ ಹಾಕಿದಳು. ರಾಜರು, ದೇವರು, ಜಾಣ ಮಂತ್ರಿ, ಪ್ರಾಮಾಣಿಕ ಬಾಲಕ. ಚಿತ್ರದ ಮನೆಗಳಲ್ಲಿ ಅಪ್ಪ ಕುರ್ಚಿ ಮೇಲೆ ಪೇಪರು ಓದುತ್ತಾನೆ, ಅಮ್ಮ ಚಪಾತಿ ಲಟ್ಟಿಸುತ್ತಾಳೆ, ಬಾಗಿಲಲ್ಲಿ ತುಳಸಿಕಟ್ಟೆ. ಯಾರ ಮನೆಯ ಒಲೆಯ ಮೇಲೂ ಬಾಡು ಬೇಯುವುದಿಲ್ಲ. ಯಾರೂ ಇನ್ನೊಬ್ಬರ ಹೊಲದಲ್ಲಿ ಕಳೆ ಕೀಳುವುದಿಲ್ಲ, ಯಾರೂ ತಮಟೆ ಹದ ಮಾಡುವುದಿಲ್ಲ, ಯಾರೂ ಗುಳೆ ಹೋಗುವುದಿಲ್ಲ. ಅಂಬೇಡ್ಕರ್ ಬಗ್ಗೆ ಒಂದು ತೆಳ್ಳನೆಯ ಪುಸ್ತಕ ಇತ್ತು. ಅದರಲ್ಲಿ ಬಾಲಕ ಕಷ್ಟಪಟ್ಟು ಓದುತ್ತಾನೆ, ದೊಡ್ಡವನಾಗಿ ಸಂವಿಧಾನ ಬರೆಯುತ್ತಾನೆ. ಕಷ್ಟ ಕೊಟ್ಟವರು ಯಾರು ಅನ್ನುವುದೇ ಇಲ್ಲ. ಸಂವಿಧಾನ ಬರೆದ ಪೆನ್ನು ಇದೆ, 1927ರ ಚೌದಾರ್ ಕೆರೆಯ ಒಂದು ತೊಟ್ಟು ನೀರಿಲ್ಲ.

1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದರು. ಅದಕ್ಕೆ ನಾಡೆಲ್ಲ ಬೆಂಕಿ ಹತ್ತಿತು, ಹಾಸ್ಟೆಲ್ಲಿನ ನಮ್ಮ ಹುಡುಗರು ಏಟು ತಿಂದರು, ಅವರು ಮಂತ್ರಿಗಿರಿ ಕಳೆದುಕೊಂಡರು. ಆ ಏಟಿನಿಂದಲೇ ದಲಿತ ಸಂಘರ್ಷ ಸಮಿತಿಗೂ, 1979ರ ಬಂಡಾಯ ಸಾಹಿತ್ಯ ಸಂಘಟನೆಗೂ ದಾರಿ ಆಯಿತು. ಐವತ್ತು ವರ್ಷದ ಮೇಲೆ ಆಯಿತು. ನಮ್ಮವರು ಬರೆದ ಪುಸ್ತಕ ಈಗ ವಿಶ್ವವಿದ್ಯಾಲಯದ ಕಪಾಟಿನಲ್ಲಿದೆ, ಎಂ.ಎ. ಪಾಠದಲ್ಲಿದೆ. ಮೂರನೇ ತರಗತಿಯ ಮಗು ತಿಂದು ಅರಗಿಸಿಕೊಳ್ಳುವ ಹಾಗೆ ನಾವೆಷ್ಟು ಬರೆದೆವು? ಮೇಲ್ಜಾತಿಯವರ ಮಕ್ಕಳ ಸಾಹಿತ್ಯ ಬೂಸಾ ಅಂದುಕೊಂಡು ಸುಮ್ಮನಿದ್ದೆವು. ಬೂಸಾ ತಿನ್ನುತ್ತಾ ಇದ್ದದ್ದು ನಮ್ಮ ಮಕ್ಕಳು. ಈ ಮಾತನ್ನು ನಾವು ನಮಗೇ ಹೇಳಿಕೊಳ್ಳುತ್ತಿದ್ದೇವೆ.

ಪುಸ್ತಕ ಇಲ್ಲದಿದ್ದರೆ ಮಾಡಿಕೊಳ್ಳಬೇಕು ಅಂದುಕೊಂಡು ಐದನೇ ಚಾಪೆಗೆ ಕೇರಿಯ ಒಬ್ಬ ಅಜ್ಜಿಯನ್ನು ಕರೆತಂದೆವು. ಬರುವುದಕ್ಕೇ ಒಪ್ಪಲಿಲ್ಲ. ‘ಇಸ್ಕೂಲೊಳಕ್ ನಾನ್ಯಾಕಪ್ಪ, ಕಸ ಗುಡಿಸೋಕಾ?’ ಅಂದಳು. ಬಂದ ಮೇಲೆ ಮಂಟೇಸ್ವಾಮಿ ಕಥೆಯ ಒಂದು ತುಂಡು ಹೇಳಿದಳು. ಮಧ್ಯದಲ್ಲಿ ಅವಳು ಮರೆತ ಕಡೆ ಆರನೇ ತರಗತಿಯ ಒಬ್ಬ ಹುಡುಗ ಎತ್ತಿಕೊಟ್ಟ. ಅವನ ಮನೆತನ ನೀಲಗಾರರದ್ದು, ಚಿಕ್ಕಪ್ಪ ತಂಬೂರಿ ಹಿಡಿದು ರಾತ್ರಿಯೆಲ್ಲ ಹಾಡುವವನು. ಹುಡುಗನಿಗೆ ಸಿದ್ದಪ್ಪಾಜಿಯ ಕಥೆ ಉದ್ದಕ್ಕೂ ಬಾಯಲ್ಲಿದೆ. ಶಾಲೆಯ ಕಲಿಕಾ ಮಟ್ಟದ ಪಟ್ಟಿಯಲ್ಲಿ ಇದೇ ಹುಡುಗನ ಮುಂದೆ ಬರೆದಿದ್ದದ್ದು, ಅಕ್ಷರ ಮಾತ್ರ ಗುರುತಿಸುತ್ತಾನೆ ಅಂತ. ಎರಡೂ ನಿಜ. ನಡುವೆ ಸೇತುವೆ ಹಾಕುವುದು ಶಾಲೆಯ ಕೆಲಸವಾಗಿತ್ತು, ಆರು ವರ್ಷ ಯಾರೂ ಹಾಕಿರಲಿಲ್ಲ. ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಕ್ಯಾಲೆಂಡರಿನ ಹಿಂಭಾಗದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಹುರಿಗೆ ತೂಗುಹಾಕಿದೆವು. ತನ್ನ ಮಾತನ್ನು ತಾನು ಓದುವುದು ಕಷ್ಟವಲ್ಲ, ಮುಂದಿನ ಪದ ಅವನಿಗೆ ಮೊದಲೇ ಗೊತ್ತಿರುತ್ತದೆ. ಬೆರಳಿಟ್ಟು ಓದುತ್ತಾ ಹೋದ. ಮೂರು ವಾರದಲ್ಲಿ ಬೇರೆ ಹಾಳೆಗೂ ಕೈ ಹಾಕಿದ.

ಇಲ್ಲಿ ಒಂದು ಜಗಳ ಆಯಿತು. ಮೇಷ್ಟ್ರೊಬ್ಬರು ಕೆಂಪು ಪೆನ್ನು ಹಿಡಿದು ‘ಬಂದವ್ನೆ’ ಅನ್ನುವುದನ್ನು ‘ಬಂದಿದ್ದಾನೆ’ ಅಂತ ತಿದ್ದಿದರು. ತಪ್ಪು ಕನ್ನಡ ಗೋಡೆ ಮೇಲೆ ಇದ್ದರೆ ಇನ್ಸ್‌ಪೆಕ್ಷನ್ನಿಗೆ ಬಂದವರು ಏನಂತಾರೆ ಅನ್ನುವುದು ಅವರ ಭಯ. ಇದೇ ಸೀಮೆಯ ಮಾತಿನಲ್ಲಿ ದೇವನೂರ ಮಹಾದೇವ ‘ಕುಸುಮಬಾಲೆ’ ಬರೆದದ್ದು 1984ರಲ್ಲಿ. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ದೆಹಲಿಯಲ್ಲಿ ಪ್ರಶಸ್ತಿ ತೆಗೆದುಕೊಂಡ ಮಾತಿಗೆ ಅದು ಹುಟ್ಟಿದ ಸೀಮೆಯ ಶಾಲೆಯ ಗೋಡೆಯಲ್ಲಿ ಜಾಗ ಇಲ್ಲ. ಕೊನೆಗೆ ಎರಡು ಹಾಳೆ ಅಕ್ಕಪಕ್ಕ ತೂಗುಹಾಕುವುದು ಅಂತ ರಾಜಿಯಾಯಿತು, ಹೇಳಿದ ಹಾಗೆ ಒಂದು, ಪುಸ್ತಕದ ಹಾಗೆ ಒಂದು. ಪರೀಕ್ಷೆ ಬರೆಯುವ ಕನ್ನಡವೂ ನಮ್ಮ ಮಕ್ಕಳಿಗೆ ಬರಬೇಕು, ಅದರಲ್ಲಿ ನಮಗೆ ಅನುಮಾನವಿಲ್ಲ. ಒಂದನ್ನು ಕಲಿಯುವುದಕ್ಕೆ ಇನ್ನೊಂದಕ್ಕೆ ನಾಚಬೇಕು ಅನ್ನುವುದಕ್ಕೆ ಮಾತ್ರ ನಮ್ಮ ವಿರೋಧ.

ನಾವು ಮಾಡಿದ ದೊಡ್ಡ ತಪ್ಪನ್ನೂ ಹೇಳಬೇಕು. ಉತ್ಸಾಹದಲ್ಲಿ ಐದನೇ ಚಾಪೆಯ ಗೋಡೆಗೆ ಅಂಬೇಡ್ಕರ್ ಪಟ ಹಾಕಿದೆವು, ಪಕ್ಕದಲ್ಲಿ ಫುಲೆ ದಂಪತಿಗಳ ಪಟ ಹಾಕಿದೆವು. ಕೇರಿಯ ಕಥೆಯ ಹಾಳೆ, ತಮಟೆಯ ಚಿತ್ರ, ನಾವು ತಂದ ಪುಸ್ತಕ ಎಲ್ಲ ಅಲ್ಲೇ ಜೋಡಿಸಿದೆವು. ನೋಡುವುದಕ್ಕೆ ಬಹಳ ಚೆನ್ನಾಗಿತ್ತು, ಗೆಳೆಯರು ಫೋಟೊ ತೆಗೆದುಕೊಂಡರು. ಹತ್ತು ದಿನ ಕಳೆಯುವುದರೊಳಗೆ ಮಕ್ಕಳ ಬಾಯಲ್ಲಿ ಅದು ‘ಅವ್ರ ಮೂಲೆ’ ಆಗಿತ್ತು. ಕೇರಿಯ ಮಕ್ಕಳ ಬಾಯಲ್ಲಿ ‘ನಮ್ ಮೂಲೆ’. ಬೀಗ ತೆಗೆದು, ಚಾಪೆ ಹಾಸಿ, ಬೀಜ ಎತ್ತಿಸಿ, ಅಂಟು ಕಾಯಿಸಿ, ಕೊನೆಗೆ ನಮ್ಮ ಕೈಯಿಂದಲೇ ಲೈಬ್ರರಿಯೊಳಗೆ ಹೊಸದೊಂದು ಕೇರಿ ಕಟ್ಟಿದ್ದೆವು. ಅದೂ ಊರಿನ ದಕ್ಷಿಣಕ್ಕೇ, ಬಾಗಿಲ ಕಡೆಗೆ! ನಮ್ಮ ಚಳವಳಿಗೂ ಇದು ಎಚ್ಚರಿಕೆ. ಪಠ್ಯಪುಸ್ತಕದಲ್ಲಿ ಒಂದು ದಲಿತ ಪದ್ಯ, ಸಮ್ಮೇಳನದಲ್ಲಿ ಒಂದು ದಲಿತ ಗೋಷ್ಠಿ, ಲೈಬ್ರರಿಯಲ್ಲಿ ಒಂದು ದಲಿತ ಮೂಲೆ ಕೊಟ್ಟು ಉಳಿದ ಜಾಗವನ್ನೆಲ್ಲ ಹಾಗೇ ಇಟ್ಟುಕೊಳ್ಳುವುದು ಪಟ್ಟಭದ್ರರಿಗೆ ಅಗ್ಗದ ವ್ಯವಹಾರ. ಆ ಮೂಲೆಯನ್ನು ಕಿತ್ತೆವು. ಪಟಗಳನ್ನು ಎಲ್ಲರೂ ಬರೆಯುವ ಚಾಪೆಯ ಮೇಲುಗಡೆಗೆ ತಂದೆವು. ಕಥೆಯ ಹಾಳೆ ಎಲ್ಲ ಹುರಿಗೂ ಹಂಚಿದೆವು. ಕೇಳುವ ಚಾಪೆಗೆ ಕೇರಿಯ ಅಜ್ಜಿ ಒಂದು ವಾರ, ಕುಂಬಾರರ ಅಜ್ಜ ಒಂದು ವಾರ, ನಡುಬೀದಿಯ ಅಜ್ಜಿ ಒಂದು ವಾರ. ನಡುಬೀದಿಯ ಅಜ್ಜಿ ಬಂದಳು, ಚಾಪೆಯ ಮೇಲೆ ಕೂರದೆ ಕುರ್ಚಿ ಕೇಳಿದಳು. ಕೊಟ್ಟೆವು.

ನಮ್ಮ ಗೆಳೆಯರಲ್ಲೇ ಕೆಲವರು ಕೇಳುತ್ತಾರೆ, ಅಲ್ರೀ, ಭೂಮಿ ಹಂಚಿಕೆ ಆಗಿಲ್ಲ, ಖಾಸಗಿಯವರು ಸರ್ಕಾರಿ ಶಾಲೆಯನ್ನೇ ನುಂಗುತ್ತಿದ್ದಾರೆ, ನೀವು ಚಾಪೆ ಹಾಸಿಕೊಂಡು ಕೂತಿದ್ದೀರಲ್ಲ ಅಂತ. ಪ್ರಶ್ನೆ ಸರಿಯೇ. ಅರವತ್ತು ಮಕ್ಕಳ ಶಾಲೆ ನಾಳೆ ನಲವತ್ತಾಗಿ, ಆಮೇಲೆ ಮುಚ್ಚಿದರೆ ಚಾಪೆ ಸ್ಮಾರಕವಾಗುತ್ತದೆ. ಆದರೆ ಸಾವಿತ್ರಿಬಾಯಿ 1848ರಲ್ಲಿ ಪುಣೆಯಲ್ಲಿ ಶಾಲೆ ತೆರೆದಾಗ ಭೂಮಿ ಹಂಚಿಕೆ ಆಗಲಿ ಅಂತ ಕಾಯಲಿಲ್ಲ. ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್ಲಿನಲ್ಲಿ ಸಿದ್ದಲಿಂಗಯ್ಯನಂಥ ಹುಡುಗರು ಪುಸ್ತಕ ಹಿಡಿದದ್ದರಿಂದಲೇ ಆಮೇಲೆ ಬೀದಿಯಲ್ಲಿ ಹಾಡು ಹುಟ್ಟಿತು. ಓದುವ ಕೋಣೆಯೂ ಹೋರಾಟದ ಜಾಗ. ಅಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ ಅನ್ನುವುದೂ ಭೂಮಿಯ ಪ್ರಶ್ನೆಯೇ. ಮೂರಡಿ ಚಾಪೆಯಷ್ಟು ಭೂಮಿ.

ಮಾಡಬೇಕೆನ್ನುವ ಮೇಷ್ಟ್ರುಗಳಿಗೆ ಎರಡು ಮಾತು. ಒಬ್ಬರೇ ಇರುವ ಶಾಲೆಯಲ್ಲಿ ಐದು ಚಾಪೆ ಬೇಡ, ಮೂರು ಸಾಕು, ಐದಾದರೆ ಮೇಷ್ಟ್ರು ಕಾವಲುಗಾರರಾಗುತ್ತಾರೆ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಎರಡು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ, ಎದ್ದು ಕೂರುವುದರಲ್ಲೇ ಗಂಟೆ ಹೊಡೆಯುತ್ತದೆ. ದೊಡ್ಡ ಮಕ್ಕಳನ್ನು ಸಹಾಯಕ್ಕೆ ಇಟ್ಟುಕೊಳ್ಳಿ, ಆದರೆ ಯಾರು ಲೀಡರ್ ಆಗುತ್ತಾರೆ ಅನ್ನುವುದನ್ನು ಬರೆದಿಡಿ. ಬರೆದಿಡದಿದ್ದರೆ ವರ್ಷವಿಡೀ ಒಂದೇ ಬೀದಿಯ ಮಕ್ಕಳು ಲೀಡರಾಗಿರುತ್ತಾರೆ, ನಿಮಗೆ ಗೊತ್ತೇ ಆಗುವುದಿಲ್ಲ. ಪುಸ್ತಕ ಮನೆಗೆ ಕೊಡಿ, ಮಕ್ಕಳ ಕೈಯಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಕಳೆಯುತ್ತದೆ. ನಮ್ಮದರಲ್ಲಿ ನಾಲ್ಕು ತಿಂಗಳಿಗೆ ಏಳು ಪುಸ್ತಕ ಕಳೆಯಿತು. ಹೆಡ್ಮೇಷ್ಟ್ರು ಅದನ್ನು ಶಾಲಾಭಿವೃದ್ಧಿ ಸಮಿತಿಯ ಮುಂದಿಟ್ಟು, ಓದಿ ಸವೆದದ್ದು ಅಂತ ನಡಾವಳಿಯಲ್ಲಿ ಬರೆಸಿದರು. ಸಮಿತಿ ಸಹಿ ಮಾಡಿದ ಮೇಲೆ ಮೇಷ್ಟ್ರ ಕುತ್ತಿಗೆಗೆ ಅದು ಬರುವುದಿಲ್ಲ. ಈ ದಾರಿ ಎಲ್ಲರಿಗೂ ಇದೆ.

ಒಂದು ವಿಷಯ ಇನ್ನೂ ಬಗೆಹರಿದಿಲ್ಲ. ಲೈಬ್ರರಿ ಕೋಣೆ ಗುಡಿಸುವುದು ಮೊದಲಿಂದಲೂ ಕೇರಿಯ ಹೆಣ್ಣುಮಕ್ಕಳ ಪಾಲಾಗಿತ್ತು. ಅದೂ ಯಾರೂ ಹೇಳದೆಯೇ ನಡೆಯುತ್ತಿತ್ತು. ಬೀಜದ ಗುಂಪುಗಳಾದ ಮೇಲೆ ಗುಡಿಸುವುದನ್ನೂ ಗುಂಪಿಗೇ ಹಚ್ಚಿ ಗೋಡೆಗೆ ಪಟ್ಟಿ ಹಾಕಿದೆವು. ಸೋಮವಾರ ಹುಣಸೆ, ಮಂಗಳವಾರ ಹೊಂಗೆ. ಹುಡುಗರೂ ಗುಡಿಸಬೇಕು. ಎರಡನೇ ವಾರ ನಡುಬೀದಿಯ ಒಬ್ಬರು ಮೋಟಾರ್ ಸೈಕಲ್ಲಿನಲ್ಲಿ ಬಂದರು. ನಮ್ಮ ಹುಡುಗ ಓದಲಿ, ಬೇಕಾದರೆ ಯಾರ ಪಕ್ಕದಲ್ಲಾದರೂ ಕೂರಲಿ ಸಾರ್, ನಾನೇನೂ ಹಳೇ ಕಾಲದವನಲ್ಲ, ಆದರೆ ಪೊರಕೆ ಹಿಡಿಯೋದಿಲ್ಲ ಅಂದರು. ಹೆಡ್ಮೇಷ್ಟ್ರು ಪಟ್ಟಿಯನ್ನು ಗೋಡೆಯಿಂದ ತೆಗೆದು ಮೇಜಿನೊಳಗೆ ಇಟ್ಟಿದ್ದಾರೆ, ಬೀಗದ ಕೈ ಇದ್ದ ಜಾಗದಲ್ಲಿ. ವಿಷಯ ಸಮಿತಿಯ ಮುಂದಿನ ಸಭೆಗೆ ಹೋಗಿದೆ. ಕೇರಿಯಿಂದ ಸಮಿತಿಯಲ್ಲಿ ಇರುವವರಿಗೆಲ್ಲ ಅವತ್ತು ಕೂಲಿ ಬಿಟ್ಟು ಬರಬೇಕು ಅಂತ ಹೇಳಿ ಬಂದಿದ್ದೇವೆ.